ಹಡಗು ಹೊರಡದ ವರ್ಷ

ಕ್ರೈಸ್ತರ ನಡುವೆ ‘ದೈವಕರೆ’ ಎಂಬ ಮಾತು ಬಂದಾಗ ಕೇಳುವವರ ಮನಸ್ಸು ಸಾಮಾನ್ಯವಾಗಿ ಗುರುಮಠದ ಕಡೆಗೆ, ಅಂದರೆ ಯಾಜಕರಾಗಲಿರುವವರು ತರಬೇತಿ ಪಡೆಯುವ ಮನೆಯ ಕಡೆಗೆ, ಇಲ್ಲವೇ ಧರ್ಮಭಗಿನಿಯರ ಕಾನ್ವೆಂಟಿನ ಕಡೆಗೆ ಹರಿಯುತ್ತದೆ. ಕಥೋಲಿಕ ಧರ್ಮಸಭೆ 1964ರಿಂದ ಪಾಸ್ಕ, ಅಂದರೆ ಈಸ್ಟರ್ ಕಾಲದ ನಾಲ್ಕನೆಯ ಭಾನುವಾರವನ್ನು ದೈವಕರೆಗಾಗಿ ಪ್ರಾರ್ಥಿಸುವ ದಿನವೆಂದು ಆಚರಿಸುತ್ತ ಬಂದಿದ್ದು, ಅಂದಿನ ಪ್ರವಚನಗಳೂ ಬಹುತೇಕ ಈ ಅರ್ಥದಲ್ಲಿಯೇ ನಿಲ್ಲುತ್ತವೆ. ಆದರೆ ಅದೇ 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಧರ್ಮಸಭೆಯ ಕುರಿತ ಪ್ರಧಾನ ದಾಖಲೆ, ಪವಿತ್ರ ಬದುಕಿನ ಕರೆ ಸನ್ಯಾಸಿಗಳಿಗೂ ಯಾಜಕರಿಗೂ ಮೀಸಲಾದುದಲ್ಲ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಸೇರಿದ್ದು ಎಂದು ಸ್ಪಷ್ಟಪಡಿಸಿತು. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ ಮಾರ್ಟಿನ್ ಲೂಥರ್ ಬೇರೊಂದು ಜಗಳದ ನಡುವೆ ಇದಕ್ಕೆ ಹತ್ತಿರದ ಮಾತನ್ನೇ ಆಡಿದ್ದರು. ಕರೆ ಎಲ್ಲರಿಗೂ ಇದೆಯೆಂದು ಒಪ್ಪಿದ ಮೇಲೆ ಉಳಿಯುವ ಪ್ರಶ್ನೆಯೇ ಕಠಿಣವಾದದ್ದು: ಒಳಗೆ ಕೇಳಿಸುತ್ತಿರುವುದು ದೇವರ ದನಿಯೋ ತನ್ನದೇ ಆಸೆಯ ದನಿಯೋ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಶಾಸ್ತ್ರೀಯವೆನ್ನಬಹುದಾದ ವಿಧಾನವೊಂದನ್ನು ರೂಪಿಸಿದವರು ಸ್ಪೇನಿನ ಬಾಸ್ಕ್ ಸೀಮೆಯ ಲೊಯೊಲಾದ ಇಗ್ನೇಷಿಯಸ್. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಈ ಯೋಧ, ಮನೆಯಲ್ಲಿ ಮಲಗಿದ್ದಾಗ ಓದಲು ಬಯಸಿದ್ದು ವೀರರ ಪ್ರಣಯ ಸಾಹಸಗಳ ಕಥೆಗಳನ್ನು. ಆ ಮನೆಯಲ್ಲಿ ಅವು ಇಲ್ಲದ ಕಾರಣ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಜೀವನಗಳು. ರಾಜವಂಶದ ಹೆಣ್ಣೊಬ್ಬಳ ಸೇವೆಯ ಕನಸು ಕಾಣುವಾಗ ಎಷ್ಟು ಸುಖವೋ, ಸಂತರಂತೆ ಬದುಕುವ ಕನಸಿನಲ್ಲಿಯೂ ಅಷ್ಟೇ ಸುಖವಿರುವುದನ್ನು ಅವರು ಗಮನಿಸಿದರು. ವ್ಯತ್ಯಾಸ ಕಂಡದ್ದು ಕನಸು ಮುಗಿದ ಮೇಲೆ: ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ನೆಮ್ಮದಿ ಉಳಿಯುತ್ತಿತ್ತು. ಮುಂದೆ 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯ ವಿವೇಚನಾ ಕ್ರಮಕ್ಕೆ ಈ ಗಮನಿಕೆಯೇ ಬುನಾದಿ. ಮನಸ್ಸು ದೇವರ ಕಡೆಗೆ ಅರಳುವ ಸ್ಥಿತಿಯನ್ನು ಅದು ಸಾಂತ್ವನವೆಂದೂ, ಬತ್ತಿ ಕುಗ್ಗುವ ಸ್ಥಿತಿಯನ್ನು ಶುಷ್ಕತೆಯೆಂದೂ ಗುರುತಿಸಿ, ಶುಷ್ಕತೆಯ ಕಾಲದಲ್ಲಿ ಹಿಂದಿನ ನಿರ್ಧಾರವನ್ನು ಎಂದಿಗೂ ಬದಲಿಸಬಾರದೆಂದು ವಿಧಿಸುತ್ತದೆ.

ಆಯ್ಕೆಗೆ ಮೂರು ಸಂದರ್ಭಗಳನ್ನು ಆ ಕೈಪಿಡಿ ಹೇಳುತ್ತದೆ. ಸುಂಕದ ಕಟ್ಟೆಯಿಂದ ಎದ್ದು ಯೇಸುವಿನ ಹಿಂದೆ ನಡೆದ ಮತ್ತಾಯನಿಗೆ ಆದಂತೆ ಸಂದೇಹಕ್ಕೆ ಎಡೆಯೇ ಇಲ್ಲದೆ ಕರೆ ತಿಳಿಯುವುದು ಮೊದಲನೆಯದು. ಸಾಂತ್ವನ ಮತ್ತು ಶುಷ್ಕತೆಗಳ ಏರಿಳಿತವನ್ನು ಬಹುಕಾಲ ಗಮನಿಸಿ ಅರಿಯುವುದು ಎರಡನೆಯದು. ಯಾವ ಭಾವವೂ ಕದಡದ ಶಾಂತ ಸಮಯದಲ್ಲಿ ಬುದ್ಧಿಯಿಂದ ತೂಗಿ ನೋಡುವುದು ಮೂರನೆಯದು. ಅದಕ್ಕೆಂದು ಇಗ್ನೇಷಿಯಸ್ ಸೂಚಿಸುವ ಉಪಾಯಗಳಲ್ಲಿ ಒಂದು, ತಾನು ಹಿಂದೆಂದೂ ಕಾಣದ ಅಪರಿಚಿತನೊಬ್ಬ ಇದೇ ಗೊಂದಲ ಹೊತ್ತು ಬಂದಿದ್ದರೆ ಅವನಿಗೆ ಏನು ಹೇಳುತ್ತಿದ್ದೆ ಎಂದು ಯೋಚಿಸಿ, ಆ ಸಲಹೆಯನ್ನು ತಾನೇ ಪಾಲಿಸುವುದು. ‘ದೇವರು ನನಗೆ ಹೇಳಿದ್ದಾನೆ’ ಎಂಬ ಮಾತು ಇಂದು ಅನೇಕ ಕಡೆ ಚರ್ಚೆಯ ಬಾಗಿಲು ಹಾಕಲು ಬಳಕೆಯಾಗುತ್ತಿರುವಾಗ, ಈ ಸಂಪ್ರದಾಯದಲ್ಲಿ ಪರೀಕ್ಷೆ ಆರಂಭವಾಗುವುದೇ ಆ ಮಾತಿನಿಂದ ಎಂಬುದು ಗಮನಾರ್ಹ.

ವಿಚಿತ್ರವೆಂದರೆ, ಇಷ್ಟು ಸೂಕ್ಷ್ಮ ನಿಯಮಗಳನ್ನು ಬರೆದವರೇ ತಮ್ಮ ಕರೆಯ ಠಾವನ್ನು ಎರಡು ಬಾರಿ ತಪ್ಪಾಗಿ ತಿಳಿದಿದ್ದರು. ಯೆರೂಸಲೇಮಿನಲ್ಲಿಯೇ ಬದುಕಿ ಸಾಯುವುದು ದೇವರ ಚಿತ್ತವೆಂದು ನಂಬಿ 1523ರಲ್ಲಿ ಅಲ್ಲಿಗೆ ತಲುಪಿದ ಇಗ್ನೇಷಿಯಸರನ್ನು, ಪುಣ್ಯಸ್ಥಳಗಳ ಹೊಣೆ ಹೊತ್ತಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಉಳಿಯಗೊಡಲಿಲ್ಲ. ಹಾಗೆ ಉಳಿದ ಯಾತ್ರಿಕರು ಸೆರೆ ಸಿಕ್ಕಾಗ ಒತ್ತೆಹಣ ತೆತ್ತು ಬಿಡಿಸುವ ಭಾರ ಆ ಸನ್ಯಾಸಿಗಳ ಮೇಲೆಯೇ ಬೀಳುತ್ತಿತ್ತು. ಮರಳಿ ಬಂದವರು ಬಾರ್ಸಿಲೋನಾದಲ್ಲಿ ಮೂವತ್ತು ದಾಟಿದ ವಯಸ್ಸಿನಲ್ಲಿ ಲ್ಯಾಟಿನ್ ಪಾಠಕ್ಕೆ ಕುಳಿತರು. ಬಳಿಕ ಪ್ಯಾರಿಸ್ಸಿನಲ್ಲಿ ಓದಿ, 1534ರಲ್ಲಿ ಆರು ಮಂದಿ ಗೆಳೆಯರೊಡನೆ ಮೊಂಮಾರ್ತ್ರ್ ಗುಡ್ಡದ ಮೇಲೆ ಮತ್ತೆ ಯೆರೂಸಲೇಮಿಗೇ ಹೋಗುವ ಹರಕೆ ಹೊತ್ತರು. ಈ ಬಾರಿ ಹರಕೆಗೆ ಒಂದು ಷರತ್ತು ಸೇರಿತ್ತು, ಕಲಿತ ಪಾಠದ ಗುರುತು ಕಾಣುವುದೂ ಅಲ್ಲಿಯೇ: ವರ್ಷದೊಳಗೆ ದಾರಿ ತೆರೆಯದಿದ್ದರೆ ಪೋಪರ ಮುಂದೆ ನಿಂತು ಅವರು ಕಳಿಸಿದಲ್ಲಿಗೆ ಹೋಗುವುದು. 1537ರಲ್ಲಿ ವೆನಿಸ್ಸಿಗೂ ತುರ್ಕರಿಗೂ ಯುದ್ಧ ಹೊತ್ತಿಕೊಂಡು ಯಾತ್ರಿಕರ ಹಡಗು ಹೊರಡಲೇ ಇಲ್ಲ. ಗೆಳೆಯರ ಗುಂಪು ರೋಮಿನ ದಾರಿ ಹಿಡಿಯಿತು, 1540ರಲ್ಲಿ ಅವರು ಕಟ್ಟಿದ ಯೇಸುಸಭೆ ಎಂಬ ಸನ್ಯಾಸಿಗಳ ಸಂಘ ಮಾನ್ಯತೆ ಪಡೆಯಿತು, ಕ್ರಿಸ್ತನ ನಾಡಿನಲ್ಲಿ ಬರಿಗಾಲಿನಲ್ಲಿ ನಡೆಯಬಯಸಿದ್ದವರು 1556ರಲ್ಲಿ ತೀರಿಕೊಳ್ಳುವವರೆಗೆ ರೋಮಿನ ಕೋಣೆಯೊಂದರಲ್ಲಿ ಸಂಘದ ಆಡಳಿತ ನಡೆಸಿದರು. ಅವರ ಹೆಸರಿನಲ್ಲಿ ಹೊರಟ ಆರು ಸಾವಿರಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ಪ್ರವಚನಕಾರರಿಗೆ ಫಿರಂಗಿ ಗುಂಡಿನ ಕಥೆ ಪ್ರಿಯ. ಅನಂತರದ ಹದಿನಾರು ವರ್ಷಗಳ ತಡಕಾಟ ಅಷ್ಟು ರೋಚಕವಲ್ಲವಾದ್ದರಿಂದ ಅದು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಮೊಂಮಾರ್ತ್ರ್‌ನಲ್ಲಿ ಜೊತೆಗಿದ್ದ ಫ್ರಾನ್ಸಿಸ್ ಕ್ಸೇವಿಯರ್ ಭಾರತಕ್ಕೆ ಬಂದದ್ದು ಕೂಡ ಅಲ್ಲಿಗೆ ನೇಮಕವಾಗಿದ್ದ ಬೊಬಾದಿಲ್ಲಾ ಎಂಬವರು ಕಾಯಿಲೆ ಬಿದ್ದುದರಿಂದ. ಕರಾವಳಿಯ ಕೊಂಕಣಿ ಕ್ರೈಸ್ತರು ಇಂದಿಗೂ ಹರಕೆ ಹೊತ್ತು ಗೋವೆಗೆ ಹೋಗಿ ದರ್ಶಿಸುವ ಸಂತ, ಬದಲಿಯಾಗಿ ಹೊರಟವರು.

ಇದೇ ಯೇಸುಸಭೆಯಲ್ಲಿ ಕರೆಯ ಬೇರೊಂದು ಮುಖವೂ ಕಾಣುತ್ತದೆ. ಸೆಗೋವಿಯಾದ ಉಣ್ಣೆ ವ್ಯಾಪಾರಿ ಅಲ್ಫೋನ್ಸಸ್ ರೊಡ್ರಿಗ್ಸ್ ಹೆಂಡತಿ ಮಕ್ಕಳನ್ನು ಕಳೆದುಕೊಂಡು, ನಲವತ್ತರ ಹೊಸ್ತಿಲಲ್ಲಿ ಸಭೆ ಸೇರಲು ಬಂದಾಗ, ಯಾಜಕನಾಗಲು ತಕ್ಕ ವಿದ್ಯೆಯಾಗಲಿ ಆರೋಗ್ಯವಾಗಲಿ ಅವರಿಗಿರಲಿಲ್ಲ. 1571ರಲ್ಲಿ ಸಹೋದರನಾಗಿ, ಅಂದರೆ ಯಾಜಕ ದೀಕ್ಷೆಯಿಲ್ಲದೆ ಮನೆಗೆಲಸಗಳಲ್ಲಿ ಸೇವೆ ಸಲ್ಲಿಸುವ ಸದಸ್ಯನಾಗಿ, ಸೇರಿಸಿಕೊಂಡು ಮಯೋರ್ಕಾ ದ್ವೀಪದ ಕಾಲೇಜಿಗೆ ಕಳಿಸಲಾಯಿತು. ಅಲ್ಲಿ ಅವರು ದಶಕಗಳ ಕಾಲ ಬಾಗಿಲು ಕಾದರು, ಬಂದವರ ಸುದ್ದಿ ಒಳಗೆ ಮುಟ್ಟಿಸಿದರು, ಬಡವರಿಗೆ ದಾನ ಹಂಚಿದರು. 1605ರಲ್ಲಿ ಆ ಕಾಲೇಜಿಗೆ ಓದಲು ಬಂದ ಪೀಟರ್ ಕ್ಲಾವೆರ್ ಎಂಬ ತರುಣ ತನ್ನ ಮುಂದಿನ ದಾರಿಯ ಬಗ್ಗೆ ಮಾತನಾಡುತ್ತಿದ್ದುದು ದೇವಶಾಸ್ತ್ರದ ಪಂಡಿತರೊಡನೆ ಮಾತ್ರವಲ್ಲ, ಈ ಮುದಿ ದ್ವಾರಪಾಲಕನೊಡನೆ ಕೂಡ. ಅಮೆರಿಕದ ಸ್ಪೇನ್ ವಸಾಹತುಗಳಿಗೆ ಹೋಗುವಂತೆ ಆತನನ್ನು ಒತ್ತಾಯಿಸಿದವರು ಅಲ್ಫೋನ್ಸಸ್. ಕ್ಲಾವೆರ್ 1610ರಲ್ಲಿ ಇಂದಿನ ಕೊಲಂಬಿಯಾದ ಕಾರ್ತಹೇನಾ ಬಂದರನ್ನು ತಲುಪಿ, ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ನಡುವೆ ಅನ್ನ, ಔಷಧ, ದುಭಾಷಿಗಳೊಡನೆ ಬದುಕು ಸವೆಸಿ 1654ರಲ್ಲಿ ತೀರಿಕೊಂಡರು. ಬಾಗಿಲು ಕಾದವರನ್ನೂ ಬಂದರಿಗೆ ಹೋದವರನ್ನೂ ಪೋಪ್ ಹದಿಮೂರನೆಯ ಲಿಯೋ 1888ರಲ್ಲಿ ಒಂದೇ ದಿನ ಸಂತರೆಂದು ಘೋಷಿಸಿದರು.