ಕೊರಿಯಾದವರ ಮೇಲೇಕೆ ಸಿಟ್ಟು?

ನಮ್ಮ ಸಂಘದ ಕಳೆದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಕ್ಕಳ ಓದಿನ ವಿಷಯವೆತ್ತಿ, ಕೊರಿಯಾದ ಚಿತ್ರಕಥೆಗಳು ನಮ್ಮ ಹುಡುಗರನ್ನು ಹಾಳುಮಾಡುತ್ತಿವೆ ಎಂದು ಗುಡುಗಿದರು. ಜೋರಾಗಿ ಚಪ್ಪಾಳೆ ಬಿತ್ತು. ಅವರ ಕೋಪಕ್ಕೆ ಗುರಿಯಾದದ್ದು ಅರೇಬಿಯನ್ ನೈಟ್ಸ್ ಕಥೆಗಳನ್ನು ಹೊಸದಾಗಿ ಕಟ್ಟಿದ ಒಂದು ಚಿತ್ರಮಾಲೆ. ಆ ಚಪ್ಪಾಳೆಗೆ ನಮ್ಮ ಕೈ ಸೇರಲಿಲ್ಲ. ಏಕೆಂದು ಕೆಲವರು ಕೇಳಿದ್ದಾರೆ. ಉತ್ತರ ಸ್ವಲ್ಪ ಖಾರವಾಗಿದ್ದರೆ ವಾಚಕರು ಕ್ಷಮಿಸಬೇಕು.

ಮೊದಲು ಆ ಪುಸ್ತಕದ ಮಾತು. ಜಿಯಾನ್ ಜಿನ್‌ಸಿಯೋಕ್ ಕಥೆ ಬರೆದು ಹಾನ್ ಸ್ಯೂಂಘೀ ಚಿತ್ರ ಬರೆದ ಈ ಮಾಲೆ ಇಂಗ್ಲಿಷಿಗೂ ಬಂದಿದೆ. ಮೂಲದಲ್ಲಿ ಸುಲ್ತಾನನಿಗೆ ರಾತ್ರಿ ರಾತ್ರಿ ಕಥೆ ಹೇಳಿ ಜೀವ ಉಳಿಸಿಕೊಳ್ಳುವವಳು ಶಹರಜಾದೆ, ವಜೀರನ ಮಗಳು. ಕೊರಿಯಾದವರು ಅವಳ ಜಾಗದಲ್ಲಿ ಸೆಹರ ಎಂಬ ತರುಣನನ್ನು ತಂದಿದ್ದಾರೆ. ಅವನು ತಂಗಿಯನ್ನು ಉಳಿಸಲು ಅವಳ ವೇಷ ಹಾಕಿಕೊಂಡು ಅಂತಃಪುರಕ್ಕೆ ಹೋಗುತ್ತಾನೆ. ಇದು ಎಳೆಯ ಮಕ್ಕಳ ಕೈಗೆ ಕೊಡತಕ್ಕ ಪುಸ್ತಕವಲ್ಲ, ಒಪ್ಪಿದೆವು. ಆದರೆ ನಮ್ಮ ಹಿರಿಯರ ಆಕ್ಷೇಪಣೆ ಅದಲ್ಲ. "ಹಳೆಯ ಕಥೆಯನ್ನು ಕೆಡಿಸಿದ್ದಾರೆ" ಎಂಬುದು ಅವರ ವಾದ.

ಕೆಡದೆ ಉಳಿದ ಹಳೆಯ ಕಥೆ ಯಾವುದು ಸ್ವಾಮಿ? ನಾವೆಲ್ಲ ಅರೇಬಿಯನ್ ನೈಟ್ಸ್ ಎಂದರೆ ಮೊದಲು ನೆನೆಯುವ ಅಲ್ಲಾವುದ್ದೀನನ ದೀಪದ ಕಥೆ ಹಳೆಯ ಅರಬ್ಬಿ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆಂಟ್ವಾನ್ ಗಲಾಂ ಎಂಬ ಫ್ರೆಂಚ್ ಪಂಡಿತ, ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬುವನ ಬಾಯಿಂದ ಕೇಳಿ ಅದನ್ನು ತನ್ನ ಅನುವಾದಕ್ಕೆ ಸೇರಿಸಿದ. ಹೀಗೆ ಸೇರಿದ ಕಥೆಯೇ ಇಂದು ಎಲ್ಲಕ್ಕಿಂತ ಪ್ರಸಿದ್ಧವಾಗಿ ಕುಳಿತಿದೆ!

ಇನ್ನು ನಮ್ಮ ಮನೆಯ ವಿಚಾರ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ ಕನ್ನಡದಲ್ಲಿ ಪಂಚತಂತ್ರ ಬರೆದ. (ಆತನೂ ಸರ್ಕಾರಿ ನೌಕರನೇ. ಕೇಂದ್ರ ಸರ್ಕಾರದ ಕಡತ ಹೊರುವ ನಮಗೆ ಇದು ಸಣ್ಣ ಹೆಮ್ಮೆಯ ವಿಷಯ.) ಆತ ಎಲ್ಲರಿಗೂ ಗೊತ್ತಿರುವ ವಿಷ್ಣುಶರ್ಮನ ಪಾಠವನ್ನು ಹಿಡಿಯಲಿಲ್ಲ, ವಸುಭಾಗನ ಪಾಠವನ್ನು ಹಿಡಿದ. ಬೇರೆ ಪಾಠಗಳಲ್ಲಿಲ್ಲದ ಕಥೆಗಳು ಅವನಲ್ಲಿವೆ. ಇದೇ ವಸುಭಾಗನ ಕುಲದ ಕಥೆಗಳು ಸಮುದ್ರ ದಾಟಿ ಜಾವಾ ದ್ವೀಪಕ್ಕೂ ಹೋದವೆಂದು ವಿದ್ವಾಂಸರು ತೋರಿಸಿದ್ದಾರೆ. ಅಲ್ಲಿ ಅವನ್ನು ಹೇಳುವವಳು ತಂತ್ರಿ ಎಂಬ ಹೆಣ್ಣು. ದಿನಕ್ಕೊಬ್ಬ ಹೊಸ ವಧುವನ್ನು ಬಯಸುವ ರಾಜನಿಗೆ ಮಂತ್ರಿಯ ಮಗಳಾದ ಅವಳು ಕಥೆಯ ಮೇಲೆ ಕಥೆ ಹೇಳುತ್ತಾಳೆ. ಎಂದರೆ ನಮ್ಮ ದುರ್ಗಸಿಂಹನ ದಾಯಾದಿಯ ಮನೆಯಲ್ಲಿಯೇ ಒಬ್ಬ ಶಹರಜಾದೆ ಇದ್ದಾಳೆ. ಜಾವಾದವರು ಹೇಳುವವರನ್ನು ಹೆಣ್ಣು ಮಾಡಿಕೊಂಡರು, ಕೊರಿಯಾದವರು ಗಂಡು ಮಾಡಿದರು. ಇದಕ್ಕೆ ಸಭೆಯಲ್ಲಿ ಮೇಜು ಕುಟ್ಟುವುದೇಕೆ?

"ಅದೆಲ್ಲ ಹಳೆಗನ್ನಡದ ಮಾತು, ನಾವು ಚಂದಮಾಮ ಓದಿ ಬೆಳೆದವರು" ಎನ್ನುವವರುಂಟು. ಸರಿ, ಚಂದಮಾಮವನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಅದು 1949ರಲ್ಲಿ ಪ್ರಾರಂಭವಾಯಿತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಹಾಗೆ ನಡೆಯುವ ವಿಕ್ರಮನ ಚಿತ್ರ ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡಾಗ ಎಷ್ಟು ಜನ ಕಣ್ಣೊರೆಸಿಕೊಂಡರು! ಬೇತಾಳನ ಮೂಲ ಕಥೆಗಳು ಇಪ್ಪತ್ತೈದು. ತಿಂಗಳಿಗೊಂದರಂತೆ ಹಾಕಿದರೆ ಎರಡು ವರ್ಷಕ್ಕೇ ಖರ್ಚಾಗಬೇಕಿತ್ತು. ದಶಕಗಟ್ಟಲೆ ಬಂದವಲ್ಲ, ಅವೆಲ್ಲ ಎಲ್ಲಿಂದ ಬಂದವು? ಸಂಪಾದಕವರ್ಗ ಮದರಾಸಿನಲ್ಲಿ ಕುಳಿತು ಹೊಸದಾಗಿ ಕಟ್ಟಿದ್ದು. ಅದನ್ನು ಬೇತಾಳನಿಗೆ ಮಾಡಿದ ದ್ರೋಹವೆಂದು ಯಾರೂ ಅನ್ನಲಿಲ್ಲ. ಮುಂದಿನ ಸಂಚಿಕೆಗೆ ಕಾದು ಕುಳಿತರು.

ನಮ್ಮ ಸಿಟ್ಟು ಬೇರೆ ಕಡೆಗಿದೆ. ಅಮರ ಚಿತ್ರಕಥೆ ಮೊದಲು ಹುಟ್ಟಿದ್ದು ಯಾವ ಭಾಷೆಯಲ್ಲಿ ಎಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. ಇಂಗ್ಲಿಷ್ ಎನ್ನುತ್ತಾರೆ. 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ವ್ಯವಹಾರ ನೋಡುತ್ತಿದ್ದ ಜಿ. ಕೆ. ಅನಂತರಾಮ್ ಅವರ ಯತ್ನದಿಂದ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಸಿಂಡ್ರೆಲಾ ಮುಂತಾದ ಪರದೇಶದ ಕಥೆಗಳೇ ಆದರೂ ಕನ್ನಡದಲ್ಲಿ. ಆಮೇಲೆ ಕೃಷ್ಣನಿಂದ ಆರಂಭಿಸಿ ಪುರಾಣ, ಪಂಚತಂತ್ರ, ಜಾತಕಗಳನ್ನು ಚಿತ್ರಕ್ಕಿಳಿಸಿದ ಅನಂತ ಪೈ ಅವರೂ ಕಾರ್ಕಳದಲ್ಲಿ ಹುಟ್ಟಿದವರು. ರಸಾಯನಶಾಸ್ತ್ರ ಓದಿ ಕಥೆಗೆ ಬಂದವರು. (ನಾವು ಅದೇ ಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಕಡತಕ್ಕೆ ಬಂದೆವು.) ಹೀಗೆ ಕನ್ನಡದ ಅಂಗಳದಲ್ಲಿ ಅಂಬೆಗಾಲಿಟ್ಟ ಕೂಸು ಇಂಗ್ಲಿಷಿನಲ್ಲಿ ದೊಡ್ಡದಾಯಿತು. ಕನ್ನಡದಲ್ಲೂ ಪುಸ್ತಕಗಳು ಬರುತ್ತಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಹೈದರಾಬಾದಿನ ಎಷ್ಟು ಕನ್ನಡ ಮನೆಗಳ ಕಪಾಟಿನಲ್ಲಿ ಅವಿವೆ? ಇಂಗ್ಲಿಷ್ ಸಂಪುಟಗಳ ಪೆಟ್ಟಿಗೆಯನ್ನು ಹುಟ್ಟುಹಬ್ಬಕ್ಕೆ ಕೊಟ್ಟು, ಮಗುವಿಗೆ ಕನ್ನಡ ಓದಲು ಬಾರದೆಂದು ರಾಜ್ಯೋತ್ಸವದ ವೇದಿಕೆಯಲ್ಲಿ ಮರುಗುವ ತಂದೆತಾಯಿಗಳಿಗೆ ಏನು ಹೇಳೋಣ?

ಈ ಊರಿನಲ್ಲಿ ಕನ್ನಡ ಓದಿಸುವುದು ಇತರ ಊರುಗಳಷ್ಟು ಕಷ್ಟವೂ ಅಲ್ಲ. 2018ರ ಕಾಯಿದೆಯ ಮೇರೆಗೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಗಿದೆ. ತೆಲುಗು ಲಿಪಿ ಬಲ್ಲ ಮಗುವಿಗೆ ಕನ್ನಡ ಲಿಪಿ ಪಕ್ಕದ ಮನೆ. ತಲೆಕಟ್ಟು ಬೇರೆ, ಕ, ತ, ಶ ಮುಂತಾದ ಕೆಲವನ್ನು ಹೊಸದಾಗಿ ಕಲಿಯಬೇಕು, ಅಷ್ಟೆ. ದಿಲ್ಲಿಯಲ್ಲೋ ಕಲ್ಕತ್ತೆಯಲ್ಲೋ ಇರುವ ಕನ್ನಡ ಮಗುವಿಗೆ ಈ ಅನುಕೂಲವಿಲ್ಲ. ಇಲ್ಲಿಯ ಮಗು ಅಜ್ಜಿಯೊಡನೆ ಕನ್ನಡ ಆಡುತ್ತದೆ, ಶಾಲೆಯಲ್ಲಿ ಸೋದರ ಲಿಪಿ ಓದುತ್ತದೆ. ಕೊರತೆಯಿರುವುದು ಕೈಗೆ ಸಿಗುವ ಪುಸ್ತಕದ್ದು. ನೀತಿಬೋಧೆಯ ದಪ್ಪ ಗ್ರಂಥ ಮುಂದಿಟ್ಟರೆ ಯಾವ ಮಗುವೂ ತೆರೆಯದು. ಪುಟಕ್ಕೆ ಆರು ಚಿತ್ರ, ಚಿತ್ರಕ್ಕೆ ಎರಡು ಸಾಲು ಮಾತು ಇರಲಿ. ಮುಂದೇನಾಯಿತು ಎಂಬ ಆಸೆಯೇ ಅಕ್ಷರ ಕಲಿಸುತ್ತದೆ. ಕೊರಿಯಾದವರಿಗೆ ಈ ಗುಟ್ಟು ತಿಳಿದಿದೆ.

ದುಡ್ಡೆಲ್ಲಿ ಎಂದು ಖಜಾಂಚಿಗಳು ಕೇಳುವುದು ಸಹಜ. ಸಮಾರಂಭದ ಮರುದಿನ ಕಸಕ್ಕೆ ಹೋಗುವ ಫ್ಲೆಕ್ಸ್ ಹಲಗೆಗಳಿಗೆ, ಶಾಲು ಹಾರಗಳಿಗೆ ದುಡ್ಡು ಎಲ್ಲಿಂದ ಬಂತೋ ಅಲ್ಲಿಂದಲೇ. ನಮ್ಮ ಸಲಹೆ ಇಷ್ಟು: ದುರ್ಗಸಿಂಹನ ಪಂಚತಂತ್ರದಿಂದ ತಿಂಗಳಿಗೊಂದು ಕಥೆಯನ್ನು ಸುಲಭ ಹೊಸಗನ್ನಡದಲ್ಲಿ, ಚಿತ್ರಸಹಿತ, ಇದೇ ಪತ್ರಿಕೆಯ ನಡುಪುಟಗಳಲ್ಲಿ ಹಾಕೋಣ. ಮಾಸಾಬ್ ಟ್ಯಾಂಕ್‌ನ ಲಲಿತಕಲಾ ಕಾಲೇಜಿನಲ್ಲಿ ಚಿತ್ರ ಕಲಿಯುವ ಹುಡುಗರಿದ್ದಾರೆ. ಅವರಿಗೆ ಸರಿಯಾದ ಸಂಭಾವನೆ ಕೊಡೋಣ, ಕಾಫಿ ತಿಂಡಿ ಕೊಟ್ಟು ಕಳಿಸುವುದು ಬೇಡ. ಕರಟಕ ದಮನಕರು ಚಾರ್‌ಮಿನಾರಿನ ಸಂದಿಗಳಲ್ಲಿ ಓಡಾಡಿದರೂ ನಮ್ಮ ಅಭ್ಯಂತರವಿಲ್ಲ. ಬಸವಕಲ್ಯಾಣವೂ 1956ರವರೆಗೆ ಇದೇ ಹೈದರಾಬಾದಿನ ಆಡಳಿತದಲ್ಲಿತ್ತಲ್ಲವೇ?

ಇದನ್ನು ಗೊತ್ತುವಳಿಯ ರೂಪದಲ್ಲಿ ಕಾರ್ಯದರ್ಶಿಗಳಿಗೆ ಬರೆದುಕೊಡುತ್ತಿದ್ದೇವೆ. ಮುಂದಿನ ಸರ್ವಸದಸ್ಯರ ಸಭೆಗೆ ಅದು ಬರಬೇಕಾದರೆ ಒಬ್ಬ ಅನುಮೋದಕರು ಬೇಕು. ಅಂದು ಮೇಜು ಕುಟ್ಟಿದ ಹಿರಿಯರೇ ಸಹಿ ಹಾಕುವುದಾದರೆ ಕಾಗದವನ್ನು ಅವರ ಮನೆಗೇ ತಂದುಕೊಡುತ್ತೇವೆ.