ಜೇನು ಸಾಕಣೆಗೂ ಸರ್ಟಿಫಿಕೇಟು: ದಾಮರಗಿದ್ದದ ಯುವಕರು ಏನು ಕಲಿತು ಹೋಗಬೇಕು?

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ದಾಮರಗಿದ್ದ ಕರ್ನಾಟಕದ ಗಡಿಗೆ ಅಂಟಿಕೊಂಡ ಮಂಡಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮುಸ್ಲಿಂ ಕೇರಿಗಳಲ್ಲಿ ಉರ್ದು. ತೊಗರಿ, ಹತ್ತಿ ಬೆಳೆಯುವ ಇಂಥ ಒಣಭೂಮಿಯಲ್ಲಿ ಜೇನು ಪೆಟ್ಟಿಗೆ ಒಳ್ಳೆಯ ಉಪಕಸುಬು ಆಗಬಹುದು.

ದುಡ್ಡಿಲ್ಲ ಅಂತ ಹೇಳೋ ಹಾಗಿಲ್ಲ. 2020ರಲ್ಲಿ ಕೇಂದ್ರ ಸರಕಾರ ಜೇನು ಸಾಕಣೆಗೆ 500 ಕೋಟಿ ರೂ. ಘೋಷಿಸಿತು. ಮೂರು ವರ್ಷದ ಆ ಮಿಷನ್ ಮುಗಿಯುವಾಗ 370 ಕೋಟಿ ಹಾಗೇ ಉಳಿದಿತ್ತು. ಅದರಲ್ಲೇ 2025-26ರವರೆಗೆ ವಿಸ್ತರಿಸಿದರು. ಹಣ ಇದ್ದೂ ಹಳ್ಳಿಗೆ ಇಳಿಯಲಿಲ್ಲ ಅಂತಲೇ ಇದರ ಲೆಕ್ಕ.

ಕೃಷಿ ಕೌಶಲ ಮಂಡಳಿಯ 'ಬೀಕೀಪರ್' ಸರ್ಟಿಫಿಕೇಟಿಗೆ ಥಿಯರಿಯ ಜತೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ರಾಣಿ 16 ದಿನಕ್ಕೆ, ಕೆಲಸಗಾರ ನೊಣ 21 ದಿನಕ್ಕೆ, ಗಂಡು ನೊಣ 24 ದಿನಕ್ಕೆ ಹೊರಬರುತ್ತದೆ ಎಂಬುದನ್ನು ಬಾಯಿಪಾಠ ಮಾಡಬಹುದು. ಇದು ಮೆಲ್ಲಿಫೆರಾ ಜೇನಿನ ಲೆಕ್ಕ. ಕರಾವಳಿಯವರ ತುಡುವೆಗೆ ಸ್ವಲ್ಪ ಕಡಿಮೆ. ಆದರೆ ಚೌಕಟ್ಟು ಎತ್ತಿ ಬಿಸಿಲಿಗೆ ಹಿಡಿದು ಮೊಟ್ಟೆ ಗುರುತಿಸುವುದು ಪುಸ್ತಕದಿಂದ ಬರೋದಲ್ಲ. ರಾಣಿ ಕಣ್ಣಿಗೆ ಬೀಳದಿದ್ದರೂ ಕೋಶದ ತಳದಲ್ಲಿ ಒಂದೊಂದೇ ಮೊಟ್ಟೆ ನಿಂತಿದ್ದರೆ ಮೂರು ದಿನದ ಹಿಂದಿನವರೆಗಾದರೂ ಆಕೆ ಇದ್ದಳು ಅಂತ ಅರ್ಥ. ಇದನ್ನು ಕಲಿಯಲು ನೊಣ ತುಂಬಿದ ಪೆಟ್ಟಿಗೆ ಬೇಕು, ಒಂದೆರಡು ಕಡಿತವೂ ಬೇಕು. ಖಾಲಿ ಪೆಟ್ಟಿಗೆ ತೋರಿಸಿ ಕೊಡುವ ಸರ್ಟಿಫಿಕೇಟು ಬ್ಯಾಂಕಿಗೆ ಆದೀತು, ಜೇನಿಗೆ ಆಗದು.

ತೊಗರಿ ಹೂ ಬಿಡುವಾಗ ಕಾಯಿಕೊರಕಕ್ಕೆ ಔಷಧಿ ಹೊಡೆಯುತ್ತಾರೆ. ಅದೇ ಹೊತ್ತಲ್ಲಿ ನೊಣ ಹೊಲದಲ್ಲಿರುತ್ತದೆ. ಸಂಜೆ ನೊಣ ಗೂಡು ಸೇರಿದ ಮೇಲೆ ಹೊಡೆಯುವಂತೆ ಅಕ್ಕಪಕ್ಕದ ರೈತರನ್ನು ಒಪ್ಪಿಸಬೇಕು. ಪರಾಗಸ್ಪರ್ಶದಿಂದ ಅವರ ಫಸಲಿಗೂ ಲಾಭ ಅಂತ ತಿಳಿಸಿ ಹೇಳೋದೇ ಅರ್ಧ ಕೆಲಸ. ಬೇಸಿಗೆಯಲ್ಲಿ ಹೂ ಇರೋದಿಲ್ಲ. ನೆರಳು, ನೀರು, ಸಕ್ಕರೆ ಪಾಕ ಕೊಡದಿದ್ದರೆ ಗೂಡು ಬಿಟ್ಟು ಹಾರಿಹೋಗುತ್ತದೆ. ರೋಗದ ವಿಷಯವನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ: 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ತುಡುವೆ ಪೆಟ್ಟಿಗೆಗಳು ಸಾಲಾಗಿ ಖಾಲಿಯಾದವು.

ಇನ್ನು ಮಾರಾಟ. ಕುರ್‌ಆನಿನ ಒಂದು ಸೂರಾಕ್ಕೆ ಜೇನುನೊಣದ್ದೇ ಹೆಸರು, ಅನ್ನಹ್ಲ್. ಹಾಗಾಗಿ ನಮ್ಮ ಸಮುದಾಯದಲ್ಲಿ ಶುದ್ಧ ಜೇನಿಗೆ ಗಿರಾಕಿ ಕಡಿಮೆ ಇಲ್ಲ, ಕಲಬೆರಕೆಯ ಅನುಮಾನವೂ ಕಡಿಮೆ ಇಲ್ಲ. ನಿಯಮದ ಪ್ರಕಾರ ನೀರಿನಂಶ ಶೇ. 20 ಮೀರಬಾರದು. ಕೋಶಗಳಿಗೆ ಮೇಣದ ಮುಚ್ಚಳ ಬೀಳುವ ಮೊದಲೇ ಅವಸರದಲ್ಲಿ ತೆಗೆದ ಜೇನು ಬಾಟಲಿಯಲ್ಲಿ ಹುಳಿ ಬರುತ್ತೆ, ಒಮ್ಮೆ ವಾಪಸು ಬಂದ ಗಿರಾಕಿ ಮತ್ತೆ ಬರಲ್ಲ.

ಉಳಿದದ್ದು ಭಾಷೆ. ಹೊಗೆ ತಿದಿ ಹಿಡಿಯಲು ಬಲ್ಲ ಹುಡುಗ ತೆಲುಗು ಪ್ರಶ್ನೆ ಅರ್ಥವಾಗದೆ ಫೇಲಾಗಬಾರದು. ಹೆಸರು ನೋಂದಾಯಿಸುವ ದಿನವೇ ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ, ಮೌಖಿಕವಾಗಿ ಕನ್ನಡದಲ್ಲಿ ಉತ್ತರಿಸಬಹುದಾ ಅಂತ ಕೇಳಿ ಬರೆಸಿಕೊಳ್ಳಬೇಕು. ಪರೀಕ್ಷೆಯ ದಿನ ಕೇಳಿದರೆ ಯಾರೂ ಕಿವಿಗೊಡಲ್ಲ.