ಬಂಕಾಪುರದ ದಾರಿ

ಒಬ್ಬನೇ ಹೊರಡಬೇಕು, ಜನ ತುಳಿದ ಹಾದಿಯನ್ನು ಬಿಡಬೇಕು, ಇತರರು ಕಾಣದುದನ್ನು ಕಾಣಬೇಕೆಂಬ ಹಂಬಲವು ನಮ್ಮ ತರುಣರಲ್ಲಿ ಈಚೆಗೆ ಬಹಳವಾಗಿದೆ. ಹಂಬಲವೇನೋ ಒಳ್ಳೆಯದೇ. ಆದರೆ ಅದಕ್ಕಾಗಿ ಹಿಮಾಲಯಕ್ಕೆ ಮುಖಮಾಡುವ ಕನ್ನಡಿಗನು ಹಳೇಬೀಡಿಗೆ ಬಂದಾಗ ಮಾಡುವುದೇನು? ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಶ್ರವಣಬೆಳಗೊಳ! ಹೊಯ್ಸಳೇಶ್ವರನ ಗುಡಿಯನ್ನು ಒಂದು ಸುತ್ತು ಬಂದು, ನಂದಿಯೆದುರು ಚಿತ್ರ ತೆಗೆದುಕೊಂಡು, ಎಳನೀರು ಕುಡಿದು ಗಾಡಿ ಹತ್ತಿದರೆ ದೋರಸಮುದ್ರವು ಮುಗಿಯಿತು. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಗುಡಿಯನ್ನು ಬೇಲೂರು, ಸೋಮನಾಥಪುರಗಳ ಗುಡಿಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಸಂತೋಷ. ಪಟ್ಟಿಯು ಬಾಗಿಲನ್ನು ತೋರಿಸೀತು, ಊರನ್ನು ತೋರಿಸಲಾರದು.

ಆ ಗುಡಿಯಿಂದ ಒಂದು ಮೈಲಿಗೂ ಒಳಗೆ, ಬಸದಿಹಳ್ಳಿಯಲ್ಲಿ, ಪಾರ್ಶ್ವನಾಥನ ಬಸದಿಯಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದುದು. ಒಳಗಿನ ಕಂಬಗಳಲ್ಲಿ ನಮ್ಮ ನೆರಳು ಕಾಣುವಷ್ಟು ಹೊಳಪು. ಆದರೆ ಕಂಬಕ್ಕಿಂತ ಅಲ್ಲಿಯ ಶಾಸನವು ದೊಡ್ಡದು. ಪ್ರತಿಷ್ಠೆಯಾದ ಮೇಲೆ ಪೂಜಾರಿಗಳು ಪ್ರಸಾದವನ್ನು ಹೊತ್ತು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರಂತೆ. ಅರಸನು ಆಗತಾನೆ ಶತ್ರುವನ್ನು ಗೆದ್ದಿದ್ದನು, ಮಗನೂ ಹುಟ್ಟಿದ್ದನು. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು.

ಬಂಕಾಪುರವೆಲ್ಲಿ, ಹಳೇಬೀಡೆಲ್ಲಿ! ಒಂದು ಮುಂಬಯಿ ಪ್ರಾಂತದಲ್ಲಿ, ಇನ್ನೊಂದು ಮೈಸೂರು ಸಂಸ್ಥಾನದಲ್ಲಿ ಬಹುಕಾಲ ಬೇರೆಬೇರೆಯಾಗಿದ್ದು, 1956ರಲ್ಲಿ ಮಾತ್ರ ಒಂದೇ ರಾಜ್ಯಕ್ಕೆ ಸೇರಿದವು. ಪ್ರಸಾದ ಹೊತ್ತವರಿಗೆ ಆ ಗಡಿ ಗೊತ್ತಿರಲಿಲ್ಲ.

ಸಾಹಸವನ್ನು ಹುಡುಕುವವನಿಗೆ ನಾವು ಸೂಚಿಸುವುದು ಈ ದಾರಿಯನ್ನು. ಆದರೆ ಅದಕ್ಕೆ ಕಾಲಿನ ಬಲವೊಂದೇ ಸಾಲದು, ಓದುವ ಕಣ್ಣು ಬೇಕು. ಹಳೆಯ ಲಿಪಿಯು ಮೊದಲ ದಿನ ಒಗ್ಗುವುದಿಲ್ಲ, ನಿಜ. ರೈಸ್ ಸಾಹೇಬರು 1902ರಲ್ಲಿ ಹೊರತಂದ ಹಾಸನದ ಶಾಸನ ಸಂಪುಟವನ್ನು ಮೊದಲು ತಿರುವಿಹಾಕಿ ಹೊರಡಬಹುದು. ಬೇಲೂರಿಗೆ ಸಮೀಪದ ಹಲ್ಮಿಡಿಯ ಕಲ್ಲನ್ನು ಊರವರು ದಿನವೂ ನೋಡುತ್ತಿದ್ದರು, 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಓದಿದ ಮೇಲಲ್ಲವೆ ಕನ್ನಡದ ವಯಸ್ಸು ಲೋಕಕ್ಕೆ ತಿಳಿದುದು? ಇದಕ್ಕಿಂತ ದೊಡ್ಡ ಸಾಹಸವನ್ನು ಯಾವ ಶಿಖರವೇರಿದವನು ಮಾಡಿದನೋ ನಾವರಿಯೆವು.

ಇನ್ನೊಂದು ಮಾತು. ಜನರಿಲ್ಲದ ಜಾಗವೇ ಚೆನ್ನವೆಂಬ ಒಬ್ಬಂಟಿ ಯಾತ್ರಿಕನ ಮೋಹವನ್ನು ನಾವು ಒಪ್ಪಲಾರೆವು. 2020ರ ನವೆಂಬರಿನಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಕಾಳಿಯ ವಿಗ್ರಹವು ಒಡೆದುದು ಕಂಡುಬಂದಿತು. ಹೋಗಿಬರುವವರು ವಿರಳವಾದಲ್ಲಿ ಕಾಯುವ ಕಣ್ಣುಗಳೂ ವಿರಳ. ಹುಲಿಕೆರೆಯ ಕಲ್ಯಾಣಿಯನ್ನು ಕಂಡು ಬಂದವನು ಅದನ್ನು ಗುಟ್ಟಾಗಿಟ್ಟುಕೊಳ್ಳದೆ ತನ್ನೂರ ಶಾಲೆಯ ಹುಡುಗರಿಗೆ ಹೇಳಲಿ; ಉಪಾಧ್ಯಾಯರಾದವರು ಹುಡುಗರನ್ನೇ ಕರೆದೊಯ್ಯಲಿ.

ದಾರಿಯು ಕಠಿಣವೇನೂ ಅಲ್ಲ. ಬಸದಿಯಲ್ಲಿ ಶಾಸನವನ್ನು ನೋಡಿ ಅರಸೀಕೆರೆಗೆ ಬಂದರೆ, ರೈಲು ಬರುವವರೆಗೆ ಅಲ್ಲಿಯ ಈಶ್ವರಗುಡಿಯ ನಕ್ಷತ್ರಾಕಾರದ ಮಂಟಪದಲ್ಲಿ ಕುಳಿತಿರಬಹುದು. ಹುಬ್ಬಳ್ಳಿಯ ಕಡೆಯ ಗಾಡಿ ಹತ್ತಿ ಹಾವೇರಿಯಲ್ಲಿ ಇಳಿದರೆ ಬಂಕಾಪುರವು ದೂರವಿಲ್ಲ. ಕೋಟೆಯೊಳಗೆ ನಗರೇಶ್ವರನ ಗುಡಿಯಿದೆ, ನವಿಲುಗಳು ಕೂಗುತ್ತವೆ.